ನೀರು ಕಾಯುವ ಎಕರೆ ಯಾವುದು, ಅದರ ಬೆಲೆ ತೆರುವವರು ಯಾರು?

ಚಳಿಗಾಲ ಬಂತೆಂದರೆ ದುಬೈ, ಅಬುಧಾಬಿಗಳ ಹೋಟೆಲುಗಳಲ್ಲಿ ಭಾರತದ ಆಸ್ತಿ ಮೇಳಗಳು ಸಾಲುಗಟ್ಟುತ್ತವೆ. ಬೆಂಗಳೂರಿನ ಮಳಿಗೆಗಳ ಮುಂದೆ ನಮ್ಮವರ ಗುಂಪು ತುಸು ದೊಡ್ಡದೇ ಇರುತ್ತದೆ. ನುಣುಪು ಕಾಗದದ ಕರಪತ್ರಗಳಲ್ಲಿ ನಂದಿಬೆಟ್ಟದ ಮಂಜು, ಕೆರೆಯ ಮೇಲಿನ ಸೂರ್ಯಾಸ್ತ, ವಿಮಾನ ನಿಲ್ದಾಣಕ್ಕೆ ಇಷ್ಟೇ ನಿಮಿಷ ಎಂಬ ಭರವಸೆ. ದೊಡ್ಡಬಳ್ಳಾಪುರ, ನೆಲಮಂಗಲ, ಹೆಸರಘಟ್ಟ ಎಂದು ಊರುಗಳ ಹೆಸರು ಓದುತ್ತ ಮರಳುಗಾಡಿನಲ್ಲಿ ಕುಳಿತ ಮನಸ್ಸು ಒಂದು ಗಳಿಗೆ ಹಸಿರಾಗುತ್ತದೆ. ಚದರಡಿಯ ದರ ಕೇಳುತ್ತೇವೆ, ಕಾಗದಪತ್ರ ಸರಿಯಿದೆಯೇ ಎಂದು ಕೇಳುತ್ತೇವೆ, ಬ್ಯಾಂಕಿನ ಸಾಲ ಸಿಗುವುದೇ ಎಂದು ಕೇಳುತ್ತೇವೆ. ಈ ನೆಲದ ಮೇಲೆ ಬಿದ್ದ ಮಳೆ ಎಲ್ಲಿಗೆ ಹರಿಯುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಆ ಮಳೆ ಅರ್ಕಾವತಿಗೆ ಹರಿಯುತ್ತದೆ. ಹರಿಯಬೇಕಿತ್ತು ಎನ್ನುವುದು ಹೆಚ್ಚು ಸರಿ. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟ ನದಿಯದು. ಅದನ್ನು ಉಳಿಸಿಕೊಳ್ಳಲು ಯಾವ ನೆಲವನ್ನು ಕಾಯಬೇಕು, ಎಷ್ಟು ಹಣಕ್ಕೆ, ಯಾರ ಹಣದಲ್ಲಿ ಎಂಬ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ಎತ್ತಿಕೊಳ್ಳುತ್ತಿದ್ದೇವೆ. ಪ್ರಶ್ನೆ ಅರ್ಥಶಾಸ್ತ್ರದ್ದೆಂದು ತೋರಬಹುದು. ಅದರ ಉತ್ತರ ತಟ್ಟುವುದು ಹಳ್ಳಿಯ ಸಣ್ಣ ಹಿಡುವಳಿದಾರರನ್ನು, ನಗರದ ಕೊನೆಯ ಕೊಳಾಯಿಯವರನ್ನು, ಮತ್ತು ನಮ್ಮನ್ನು.

ನಾವಿರುವ ದೇಶದಿಂದಲೇ ಆರಂಭಿಸೋಣ. ಇಲ್ಲಿ ನದಿಯಿಲ್ಲ. ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಉಪ್ಪು ತೆಗೆದ ಸಮುದ್ರ. ಇಂಧನ ಸುಟ್ಟು ಅಥವಾ ಅಪಾರ ವಿದ್ಯುತ್ ವ್ಯಯಿಸಿ ಒಂದೊಂದು ಲೋಟವನ್ನೂ ತಯಾರಿಸಬೇಕಾದ ನಾಡಿನಲ್ಲಿ ನೀರಿಗೆ ಬೆಲೆಯಿದೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ವ್ಯವಸ್ಥೆಯೂ ಅಭೇದ್ಯವಲ್ಲ. 2008–09ರಲ್ಲಿ ಈ ಕರಾವಳಿಯಲ್ಲಿ ಕೆಂಪು ಪಾಚಿ ಹಬ್ಬಿದಾಗ ಹಲವು ನಿರ್ಲವಣೀಕರಣ ಘಟಕಗಳು ಕೆಲಸ ನಿಲ್ಲಿಸಬೇಕಾಯಿತು. ಸಮುದ್ರದ ನೀರು ಕೆಟ್ಟರೆ ಕುಡಿಯುವ ನೀರೂ ಇಲ್ಲ ಎಂಬ ಪಾಠ ಆಗ ಎಲ್ಲರಿಗೂ ಆಯಿತು. ಅಬುಧಾಬಿ ಎಮಿರೇಟ್ ತನ್ನ ದಕ್ಷಿಣದ ಲಿವಾ ಮರಳುಗಾಡಿನ ಅಡಿಯ ಜಲಸ್ತರದಲ್ಲಿ 2 ಕೋಟಿ 60 ಲಕ್ಷ ಘನ ಮೀಟರ್ ಸಿಹಿನೀರನ್ನು ತುಂಬಿಸಿ, 2018ರ ಜನವರಿಯಲ್ಲಿ ಆ ಸಂಗ್ರಹವನ್ನು ಉದ್ಘಾಟಿಸಿತು. ತುರ್ತು ಬಂದರೆ ಸುಮಾರು 10 ಲಕ್ಷ ಜನರಿಗೆ 90 ದಿನ ಸಾಲುವಷ್ಟು ನೀರದು. ಇದಕ್ಕೆ ಲಿವಾವನ್ನೇ ಆರಿಸಿದ್ದರ ಹಿಂದೆ ನೆಲದ ಓದು ಇದೆ. ನೀರನ್ನು ಒಳಗೆ ಬಿಟ್ಟುಕೊಳ್ಳುವ ಮರಳು, ಬಿಟ್ಟದ್ದನ್ನು ಹಿಡಿದಿಡುವ ಪದರ, ಮೊದಲೇ ಇದ್ದ ಸಿಹಿ ಅಂತರ್ಜಲ ಮೂರೂ ಒಟ್ಟಿಗೆ ಬೇಕಿದ್ದವು. ನೀರನ್ನು ತಯಾರಿಸಬಲ್ಲ ನಾಡು ಕೂಡ, ಅದನ್ನು ಕಾಪಿಡಲು ಸರಿಯಾದ ನೆಲವನ್ನು ಹುಡುಕಿಕೊಂಡು ಹೋಗಬೇಕಾಯಿತು.

ಇಲ್ಲಿನ ಹಿರಿಯರಿಗೆ ಈ ತಿಳಿವಳಿಕೆ ಹೊಸದಲ್ಲ. 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಲ್ ಐನ್ ತಾಣಗಳಲ್ಲಿ ‘ಫಲಜ್’ ಎಂಬ ನೆಲದಡಿಯ ಕಾಲುವೆಗಳಿವೆ. ಬೆಟ್ಟದ ಬುಡದ ತಾಯಿಬಾವಿಯಿಂದ ಖರ್ಜೂರದ ತೋಟದವರೆಗೆ ನೀರನ್ನು ಇಳಿಜಾರಿನ ಬಲದಿಂದಲೇ ತರುವ ಏರ್ಪಾಡು ಅದು. ಇಸ್ಲಾಮೀ ನೀರಿನ ನ್ಯಾಯದಲ್ಲಿ ಇದಕ್ಕೆ ಹೊಂದಿಕೊಂಡ ‘ಹರೀಮ್’ ಎಂಬ ಪರಿಕಲ್ಪನೆಯಿದೆ. ಬಾವಿಯ ಸುತ್ತ, ಕಾಲುವೆಯ ಇಕ್ಕೆಲದಲ್ಲಿ ಒಂದು ನಿರ್ದಿಷ್ಟ ದೂರದವರೆಗೆ ಬೇರೆ ಯಾರೂ ತೋಡಬಾರದು, ನೀರಿಗೆ ಕೇಡಾಗುವ ಯಾವ ಕೆಲಸವನ್ನೂ ಮಾಡಬಾರದು. ಇಡೀ ಮರಳುಗಾಡಿಗೆ ಬೇಲಿ ಹಾಕುವುದು ಯಾರಿಂದಲೂ ಆಗದ ಮಾತು. ಆದ್ದರಿಂದ ನೀರಿನ ಅಳಿವು ಉಳಿವು ಯಾವ ಕೆಲವು ಮಾರುಗಳಲ್ಲಿ ನಿರ್ಧಾರವಾಗುತ್ತದೆಯೋ ಆ ಕೆಲವು ಮಾರುಗಳಿಗೆ ಮಾತ್ರ ಕಟ್ಟಳೆ. ಕಡಿಮೆ ವೆಚ್ಚದಲ್ಲಿ ಹೆಚ್ಚು ಫಲ ಪಡೆಯುವ ಸಂರಕ್ಷಣೆಯ ತಿರುಳು ಇಷ್ಟೇ. ಮುಂದಿನದೆಲ್ಲ ಅದರ ವಿವರ.

ಈಗ ಅರ್ಕಾವತಿಗೆ ಬರೋಣ. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟಗಳನ್ನು ದಾಟಿ, ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯನ್ನು ಕೂಡಿಕೊಂಡು, ಕೊನೆಗೆ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುವ ನದಿಯಿದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಕೆರೆಯನ್ನು ಬೆಂಗಳೂರಿನ ಕುಡಿಯುವ ನೀರಿಗಾಗಿ ಸಜ್ಜುಗೊಳಿಸಲಾಯಿತು. ಅದು ಸಾಲದಾದಾಗ, 1930ರ ದಶಕದ ಆರಂಭದಲ್ಲಿ, ಅರ್ಕಾವತಿ–ಕುಮುದ್ವತಿಗಳು ಕೂಡುವಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಎದ್ದಿತು. 1970ರ ದಶಕದಲ್ಲಿ ಕಾವೇರಿ ನೀರು ಬರುವವರೆಗೆ ನಗರವನ್ನು ಮುಖ್ಯವಾಗಿ ಸಾಕಿದ್ದು ಈ ಎರಡು ಜಲಾಶಯಗಳೇ.

ಆಮೇಲೆ ಅವು ಬತ್ತುತ್ತ ಬಂದವು. ಮಳೆ ಕೈಕೊಟ್ಟಿತು ಎಂಬುದು ನಮ್ಮಲ್ಲಿ ಸುಲಭವಾಗಿ ಸಿಗುವ ವಿವರಣೆ. ಬೆಂಗಳೂರಿನ ಅಶೋಕ ಪರಿಸರ ಸಂಶೋಧನಾ ಸಂಸ್ಥೆ, ಅಂದರೆ ‘ಏಟ್ರೀ’ಯ ವಿಜ್ಞಾನಿಗಳು ಈ ಕಣಿವೆಯನ್ನು ವರ್ಷಗಟ್ಟಲೆ ಅಭ್ಯಸಿಸಿ 2015ರಲ್ಲಿ ಪ್ರಕಟಿಸಿದ ಪ್ರಬಂಧ ಬೇರೆ ಮಾತನ್ನೇ ಹೇಳಿತು. ಹರಿವು ಇಳಿದ ಪ್ರಮಾಣವನ್ನು ಮಳೆಯ ಏರಿಳಿತದಿಂದ ವಿವರಿಸಲಾಗದು. ಕೊಳವೆಬಾವಿಗಳ ಮಿತಿಮೀರಿದ ಎತ್ತುವಿಕೆ, ನೀಲಗಿರಿ ತೋಪುಗಳ ವಿಸ್ತರಣೆ, ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ತಡೆಗಳು ಕಾರಣವಾಗಿರುವ ಸಂಭವವೇ ಹೆಚ್ಚು ಎಂದು ಅವರು ತೋರಿಸಿದರು. ಆಕಾಶ ಬದಲಾಗುವ ಮೊದಲೇ ನೆಲದ ಬಳಕೆ ಬದಲಾಗಿತ್ತು. ಅಳಿದುಳಿದ ಹರಿವಿಗೆ ಬಡಾವಣೆಗಳ ಚರಂಡಿ, ಕಾರ್ಖಾನೆಗಳ ಕೊಳೆ ಸೇರಿತು. ನೀರಿನ ಪ್ರಮಾಣವೂ ಗುಣವೂ ಒಟ್ಟಿಗೆ ಕೆಟ್ಟವು.

ಕೈಯಳತೆಯ ನೀರನ್ನು ಕಳೆದುಕೊಂಡ ಬೆಂಗಳೂರು ಇಂದು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಮೂರು ಹಂತಗಳಲ್ಲಿ ಮೇಲೆತ್ತಿ ಕುಡಿಯುತ್ತಿದೆ. ದಿನಕ್ಕೆ 77.5 ಕೋಟಿ ಲೀಟರಿನ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಒಂದು ತಿಂಗಳು ಮೊದಲು ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ದೊರಕಿತು. ಆ ಯೋಜನೆಯ ಅಂದಾಜು ವೆಚ್ಚ 2014ರಲ್ಲಿ 12,900 ಕೋಟಿ ರೂಪಾಯಿಗಳ ಆಸುಪಾಸಿನಲ್ಲಿದ್ದದ್ದು, ಪರಿಷ್ಕರಣೆಯಾಗಿ 23,200 ಕೋಟಿ ದಾಟಿದೆ. ಪಶ್ಚಿಮಘಟ್ಟದ ಕಾಡು ಕಡಿದು, ಬೆಟ್ಟ ಕೊರೆದು ತರುವ ಆ ನೀರಿನಲ್ಲಿ ಒಂದು ಪಾಲು ಸೇರಬೇಕಾಗಿರುವುದು ಇದೇ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ. ಮನೆಯಂಗಳದ ಬಾವಿಯನ್ನು ಹೂಳಲು ಬಿಟ್ಟು, ಆ ಬಾವಿಗೆ ತುಂಬಲೆಂದು ಏಳೂರಾಚೆಯಿಂದ ನೀರು ಹೊರುವ ಸಂಸಾರವನ್ನು ಯಾವ ಅತ್ತೆ ತಾನೆ ಮೆಚ್ಚುತ್ತಾಳೆ?

ಹಾಗಾದರೆ ಬಾವಿಯನ್ನು ಉಳಿಸಿಕೊಳ್ಳಲು ಏನು ಮಾಡಬೇಕಿತ್ತು? ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶ 1,400 ಚದರ ಕಿಲೋಮೀಟರಿಗೂ ಮಿಗಿಲು. ಅಷ್ಟನ್ನೂ ಕೊಳ್ಳಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ, ಕೊಳ್ಳಬೇಕಾಗಿಯೂ ಇಲ್ಲ. ಆಯ್ಕೆ ಅನಿವಾರ್ಯ. ಆಯ್ಕೆಗೆ ಮೂರು ದಾರಿಗಳಿವೆ. ಅಗ್ಗದ ನೆಲವನ್ನು ಮೊದಲು ಕೊಂಡು ಎಕರೆಗಳ ಸಂಖ್ಯೆ ಹೆಚ್ಚಿಸುವುದು ಒಂದು. ಬೆಲೆಯನ್ನು ನೋಡದೆ, ನೀರಿಗೆ ಅತ್ಯಂತ ಹೆಚ್ಚು ಉಪಕಾರಿಯಾದ ನೆಲವನ್ನು ಮೊದಲು ಹಿಡಿಯುವುದು ಇನ್ನೊಂದು. ಕೊಟ್ಟ ಪ್ರತಿ ರೂಪಾಯಿಗೆ ಎಷ್ಟು ಫಲ ಸಿಗುತ್ತದೆಂದು ಲೆಕ್ಕ ಹಾಕಿ ಆ ಕ್ರಮದಲ್ಲಿ ಆರಿಸುವುದು ಮೂರನೆಯದು.

ಲೆಕ್ಕ ತಿಳಿಯಲೆಂದು ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳೋಣ. ಕೈಯಲ್ಲಿ 1 ಕೋಟಿ ರೂಪಾಯಿಯಿದೆ. ಗುಡ್ಡದ ಮೇಲಿನ ಕಲ್ಲುನೆಲ ಎಕರೆಗೆ 5 ಲಕ್ಷ. ಅದನ್ನು ಕಾದರೆ ಎಕರೆಗೆ ವರ್ಷಕ್ಕೆ 1 ಬಂಡಿ ಹೂಳು ಕೆರೆಗೆ ಬೀಳುವುದು ತಪ್ಪುತ್ತದೆ. ಹಳ್ಳದ ಅಂಚಿನ ಹೊಲ ಎಕರೆಗೆ 20 ಲಕ್ಷ. ಅದು ತಡೆಯುವುದು 10 ಬಂಡಿ. ಹೆದ್ದಾರಿಯ ಪಕ್ಕದ ಹಳ್ಳದಂಚು ಎಕರೆಗೆ 2 ಕೋಟಿ. ಅದು ತಡೆಯುವುದು 12 ಬಂಡಿ. ಅಗ್ಗವೆಂದು ಗುಡ್ಡ ಕೊಂಡರೆ 20 ಎಕರೆ ಸಿಕ್ಕಿ 20 ಬಂಡಿ ಉಳಿಯುತ್ತದೆ, ವರದಿಯಲ್ಲಿ ಬರೆದುಕೊಳ್ಳಲು ದೊಡ್ಡ ಸಂಖ್ಯೆಯೂ ಸಿಗುತ್ತದೆ. ಉಪಕಾರವೊಂದನ್ನೇ ನೋಡಿ ಹೆದ್ದಾರಿಗೆ ಹೋದರೆ ಅರ್ಧ ಎಕರೆಯಷ್ಟೆ ದಕ್ಕಿ 6 ಬಂಡಿ. ಹಳ್ಳದ ಅಂಚಿನ ಹೊಲ ಕೊಂಡರೆ ಐದೇ ಎಕರೆ, ಆದರೆ 50 ಬಂಡಿ. ಎಕರೆಯ ದರದಲ್ಲಿ ಗುಡ್ಡಕ್ಕಿಂತ ನಾಲ್ಕು ಪಟ್ಟು ದುಬಾರಿಯಾದ ನೆಲ, ಫಲದ ದರದಲ್ಲಿ ಎಲ್ಲಕ್ಕಿಂತ ಅಗ್ಗ.

ಇದನ್ನು ಅರಿಯಲು ದೊಡ್ಡ ದೇಶಗಳೂ ಎಡವಿ ಕಲಿತಿವೆ. ಅಮೆರಿಕ 1985ರ ಕೃಷಿ ಕಾಯ್ದೆಯಡಿ ಸವೆಯುವ ಹೊಲಗಳನ್ನು ಬೀಳು ಬಿಡಲು ರೈತರಿಗೆ ಬಾಡಿಗೆ ಕೊಡತೊಡಗಿತು. ಮೊದಲ ವರ್ಷಗಳಲ್ಲಿ ಅದರ ಕಣ್ಣಿದ್ದದ್ದು ಎಕರೆಗಳ ಮೇಲೆ. ಹೀಗಾಗಿ ಬಾಡಿಗೆ ಕಡಿಮೆಯಿರುವ ಒಣ ಬಯಲುಗಳ ನೆಲ ಹೆಚ್ಚಾಗಿ ಸೇರಿತು. 1990ರ ನಂತರ ನೀರು, ಮಣ್ಣು, ವನ್ಯಜೀವಿಗಳಿಗಾಗುವ ಲಾಭಕ್ಕೆ ಅಂಕ ಕೊಟ್ಟು ವೆಚ್ಚದೊಡನೆ ತೂಗುವ ಕ್ರಮ ಬಂತು. ನ್ಯೂಯಾರ್ಕ್ ನಗರದ ಕಥೆ ಇನ್ನೂ ನೇರವಾದದ್ದು. ಕ್ಯಾಟ್ಸ್‌ಕಿಲ್ ಬೆಟ್ಟಗಳಿಂದ ಬರುವ ನೀರನ್ನು ಶೋಧಿಸಲು ಘಟಕ ಕಟ್ಟಿದರೆ 600ರಿಂದ 800 ಕೋಟಿ ಡಾಲರ್ ಬೇಕೆಂಬ ಅಂದಾಜಿತ್ತು. ನಗರ 1997ರಲ್ಲಿ ಬೆಟ್ಟದ ಊರುಗಳೊಡನೆ ಒಪ್ಪಂದ ಮಾಡಿಕೊಂಡು, ಅದರ ಒಂದು ಸಣ್ಣ ಪಾಲಿನಲ್ಲಿ ಜಲಾನಯನವನ್ನೇ ಕಾಯಲು ಹೊರಟಿತು. ಜಲಾಶಯ ಮತ್ತು ತೊರೆಗಳಿಗೆ ಎಷ್ಟು ಹತ್ತಿರವೆಂಬುದರ ಮೇಲೆ ನೆಲಕ್ಕೆ ಆದ್ಯತೆ ಗೊತ್ತುಮಾಡಿತು. ಮಾರಲು ಮನಸ್ಸಿದ್ದವರಿಂದ ಮಾತ್ರ ಕೊಂಡಿತು, ಕೊಂಡ ನೆಲಕ್ಕೆ ಊರಿನ ತೆರಿಗೆಯನ್ನೂ ಕಟ್ಟಿತು, ಉಳುಮೆ ಮುಂದುವರಿಸುವ ರೈತರಿಗೆ ಗೊಬ್ಬರದ ಗುಂಡಿ, ತೊರೆಯಂಚಿನ ಬೇಲಿಗಳ ಖರ್ಚು ಕೊಟ್ಟಿತು. ಆ ಯೋಜನೆಯನ್ನು 2020ರಲ್ಲಿ ಪರಾಮರ್ಶಿಸಿದ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ತಜ್ಞರು, ದೂರದ ದೊಡ್ಡ ತುಂಡುಗಳನ್ನು ಕೊಳ್ಳುವುದಕ್ಕಿಂತ ತೊರೆಯ ಅಂಚಿನ ನೆಲಕ್ಕೆ ಇನ್ನು ಮುಂದೆ ಹೆಚ್ಚು ಒತ್ತು ಕೊಡಿ ಎಂದರು. ಎರಡು ದಶಕಗಳ ಅನುಭವವೂ ಕೊನೆಗೆ ‘ಹರೀಮ್’ ಹೇಳಿದಲ್ಲಿಗೇ ಬಂದು ನಿಂತಿತು.

ಈ ಲೆಕ್ಕಕ್ಕೆ ಮೂರು ಎಚ್ಚರಿಕೆಗಳು ಬೇಕು. ಹಳ್ಳದ ಅಂಚು ಕಾಯುವುದೆಂದರೆ ಸರಪಳಿ ಹೆಣೆದಂತೆ. ನಡುವೆ ಒಂದು ಕೊಂಡಿ ಕಳಚಿ ಅಲ್ಲೊಂದು ಬಡಾವಣೆಯ ಚರಂಡಿ ಬಂದು ಬಿದ್ದರೆ ಮೇಲಿನ ಹತ್ತು ಎಕರೆಗೆ ಕೊಟ್ಟ ಹಣ ನೀರುಪಾಲು. ಆದ್ದರಿಂದ ಬಿಡಿ ಎಕರೆಗಳ ಬದಲು ಇಡೀ ಹಳ್ಳಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಎರಡನೆಯದಾಗಿ, ಯಾರೂ ಮುಟ್ಟದ ನೆಲಕ್ಕೆ ರಕ್ಷಣೆಯ ಫಲಕ ನೆಟ್ಟರೆ ಹೊಸದಾಗಿ ಉಳಿದದ್ದು ಏನೂ ಇಲ್ಲ. ಅಪಾಯ ಎಲ್ಲಿ ಸಮೀಪಿಸಿದೆಯೋ ಅಲ್ಲಿ ಕೊಟ್ಟ ರೂಪಾಯಿಗೆ ಬೆಲೆ ಹೆಚ್ಚು. ಮೂರನೆಯದು ಕಾಲ. ಹೊಸ ರಸ್ತೆಯ ಗುರುತು ನಕಾಶೆಯಲ್ಲಿ ಮೂಡಿದ ದಿನವೇ ಹಳ್ಳದಂಚಿನ ದರ ಜಿಗಿಯುತ್ತದೆ. ಇವತ್ತು 20 ಲಕ್ಷದ ಎಕರೆ ನಾಳೆ 2 ಕೋಟಿಯದಾದರೆ, ಅದನ್ನು ಕಾಯುವುದು ‘ಲಾಭದಾಯಕವಲ್ಲ’ ಎಂದು ಅದೇ ಲೆಕ್ಕ ಹೇಳತೊಡಗುತ್ತದೆ. ತಡಮಾಡಿದವರು ದುಬಾರಿಯ ನೆಪ ಹೇಳಿ ಕೈತೊಳೆದುಕೊಳ್ಳಲು ಲೆಕ್ಕಶಾಸ್ತ್ರ ಸಹಾಯಕ್ಕೆ ಬರಬಾರದು.

ಇನ್ನು ನಮ್ಮ ರಾಜ್ಯ ಏನು ಮಾಡಿತು ಎಂಬುದನ್ನು ನೋಡೋಣ. ಕರ್ನಾಟಕ ಸರ್ಕಾರ 2003ರ ನವೆಂಬರಿನಲ್ಲಿ ಹೊರಡಿಸಿದ ಅಧಿಸೂಚನೆ ತಿಪ್ಪಗೊಂಡನಹಳ್ಳಿ ಜಲಾನಯನವನ್ನು ವಲಯಗಳಾಗಿ ವಿಂಗಡಿಸಿತು. ಜಲಾಶಯದ ಸುತ್ತ 2 ಕಿಲೋಮೀಟರ್, ನದಿಗಳ ಇಕ್ಕೆಲದಲ್ಲಿ 1 ಕಿಲೋಮೀಟರ್ ಪಟ್ಟಿಯಲ್ಲಿ ಕಟ್ಟಡ, ಕೈಗಾರಿಕೆಗಳಿಗೆ ಕಠಿಣ ನಿರ್ಬಂಧ ಹೇರಿತು. ನೆಲದ ಆಯ್ಕೆಯ ದೃಷ್ಟಿಯಿಂದ ಅದು ಸರಿಯಾದ ಹೆಜ್ಜೆ; ನೀರಿಗೆ ಹತ್ತಿರವಾದಷ್ಟೂ ಬಿಗಿ ಎಂಬ ವಿವೇಕ ಅದರಲ್ಲಿತ್ತು. ಆದರೆ ಖಜಾನೆಯಿಂದ ಬಿಡಿಗಾಸೂ ಬಿಚ್ಚದೆ ಸಂರಕ್ಷಣೆ ನಡೆಸಲು ಅದು ಹೊರಟಿತು. ನಗರ ನೀರು ಕುಡಿಯುತ್ತದೆ, ಹಳ್ಳಿಯ ರೈತರು ತಮ್ಮ ನೆಲದ ಮೇಲಿನ ಆಸೆಯನ್ನು ಬಿಟ್ಟುಕೊಡಬೇಕು, ಬಿಟ್ಟುಕೊಟ್ಟದ್ದಕ್ಕೆ ಪ್ರತಿಫಲವಿಲ್ಲ. ಪಕ್ಕದೂರಿನ ಹೊಲ ಕೋಟಿಗೆ ಮಾರಾಟವಾಗುವುದನ್ನು ನೋಡುತ್ತ ನಿಂತವರ ಮನಸ್ಸಿನಲ್ಲಿ ಅಂಥ ಕಾನೂನು ಎಷ್ಟು ದಿನ ಬಾಳೀತು? ಉಲ್ಲಂಘನೆಗಳು ಬೆಳೆದವು, ಒತ್ತಡಗಳು ಬೆಳೆದವು, 2019ರಲ್ಲಿ ಸರ್ಕಾರವೇ ನಿರ್ಬಂಧಗಳನ್ನು ಸಡಿಲಿಸಿತು. ಸಡಿಲಿಕೆಯ ಲಾಭ ಉಂಡವರಲ್ಲಿ ದೊಡ್ಡ ಪಾಲು ಎರಡು ಎಕರೆಯ ರೈತರದ್ದಾಗಿತ್ತೆಂದು ಯಾರೂ ನಂಬಬೇಕಿಲ್ಲ. ಆದರೂ ಆ ರೈತರ ಅಸಮಾಧಾನವೇ ಎಲ್ಲರಿಗೂ ಹೊದಿಕೆಯಾಯಿತು. ವೆಚ್ಚವಿಲ್ಲದ ಸಂರಕ್ಷಣೆ ಎಂಬುದು ಇಲ್ಲ. ಖಜಾನೆ ಹೊರದ ಭಾರವನ್ನು ಬೇರೆ ಯಾರದೋ ಬೆನ್ನು ಹೊರುತ್ತಿರುತ್ತದೆ.

ಹೆಸರಘಟ್ಟದ ಹುಲ್ಲುಗಾವಲಿನದು ಇದರ ಇನ್ನೊಂದು ಮುಖ. ಅರ್ಕಾವತಿ ಕಣಿವೆಯಲ್ಲಿ ಉಳಿದಿರುವ ವಿಶಾಲ ಬಯಲು ಅದು. ಬಹುಪಾಲು ಸರ್ಕಾರಕ್ಕೇ ಸೇರಿದ ನೆಲ, ಕೊಳ್ಳುವ ಖರ್ಚೇ ಇಲ್ಲ. ಹಾಗಿದ್ದೂ ಅದನ್ನು ಸಂರಕ್ಷಣಾ ಮೀಸಲು ಎಂದು ಸಾರುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ತಳ್ಳಿಹಾಕಿತು. ಪರಿಸರಾಸಕ್ತರ ಬಿಡದ ಹೋರಾಟದ ಬಳಿಕ 2024ರ ಅಕ್ಟೋಬರಿನಲ್ಲಿ ಸುಮಾರು 5,678 ಎಕರೆಗೆ ಅದೇ ಮಂಡಳಿ ಒಪ್ಪಿಗೆ ನೀಡಿತು. ಇದು ಸಂತೋಷದ ಸಂಗತಿ. ಆದರೆ ‘ಖರ್ಚಿಲ್ಲದ’ ಎಂಬ ಮಾತನ್ನು ಇಲ್ಲಿಯೂ ತೂಗಿ ನೋಡಬೇಕು. ಸರ್ಕಾರಿ ದಾಖಲೆಯಲ್ಲಿ ಬೆಲೆಯಿಲ್ಲದ ಗೋಮಾಳ, ಗುಂಡುತೋಪು, ಖರಾಬು ನೆಲಗಳ ಮೇಲೆ ಕುರಿ, ದನಗಳನ್ನು ನಂಬಿದವರ ಬದುಕು ನಿಂತಿರುತ್ತದೆ. ಆ ಬದುಕಿಗೆ ಪಹಣಿಯಲ್ಲಿ ಕಾಲಂ ಇಲ್ಲ.

ಪ್ರಗತಿಪರರಾದ ನಾವು ಈ ವಿದ್ಯೆಯನ್ನು ಎಚ್ಚರದಿಂದ ಮುಟ್ಟಬೇಕಾದದ್ದು ಇಲ್ಲಿಯೇ. ಅತಿ ಕಡಿಮೆ ವೆಚ್ಚದ ನೆಲ ಹುಡುಕು ಎಂದು ಗಣಕಯಂತ್ರಕ್ಕೆ ಹೇಳಿದರೆ ಅದು ಹುಡುಕಿಕೊಡುವುದು ಅತಿ ಕಡಿಮೆ ದನಿಯಿರುವವರ ನೆಲವನ್ನು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಪೂರ್ವಾನುಮತಿಯಿಲ್ಲದೆ ಪರಭಾರೆಯಾಗುವಂತಿಲ್ಲ. ದೌರ್ಜನ್ಯದ ಪರಭಾರೆಯಿಂದ ಕಾಪಾಡಲು ಬಂದ ಕಾಯ್ದೆಯದು. ಮಾರುಕಟ್ಟೆಯಲ್ಲಿ ಸುಲಭವಾಗಿ ಮಾರಾಟವಾಗದ್ದಕ್ಕೆ ದರ ಕಡಿಮೆ. ದರ ಕಡಿಮೆಯಾದದ್ದಕ್ಕೆ ಸಂರಕ್ಷಣೆಯ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ. ರಕ್ಷಣೆಗೆಂದು ಬಂದ ಕಾಯ್ದೆ ಹೀಗೆ ಹಿಂಬಾಗಿಲಿನಿಂದ ಕಂಟಕವಾಗಬಹುದು. ಆದ್ದರಿಂದ ವೆಚ್ಚ ಎಂಬ ಕಾಲಮಿನಲ್ಲಿ ಮಾರುಕಟ್ಟೆಯ ದರವನ್ನು ಮಾತ್ರ ಬರೆಯಬಾರದು. ಆ ನೆಲದಿಂದ ಎಷ್ಟು ಹೊಟ್ಟೆ ತುಂಬುತ್ತದೆ, ಅದು ಹೋದರೆ ಆ ಮನೆಗೆ ಬೇರೆ ಏನಿದೆ ಎಂಬುದನ್ನೂ ಬರೆಯಬೇಕು. ಅದನ್ನು ಬರೆದ ಮೇಲೆಯೂ ಹಳ್ಳದ ಅಂಚು ಲಾಭದಾಯಕವಾಗಿಯೇ ಉಳಿಯುತ್ತದೆ ಎಂಬುದು ನಮ್ಮ ನಂಬಿಕೆ. ಎತ್ತಿನಹೊಳೆಗೆ ಹರಿದ ಹಣದ ಪಕ್ಕದಲ್ಲಿ ಇಟ್ಟು ನೋಡಿದರೆ ರೈತರಿಗೆ ಕೊಡಬೇಕಾದ ನ್ಯಾಯವಾದ ಪ್ರತಿಫಲ ದೊಡ್ಡ ಮೊತ್ತವೇನಲ್ಲ.

ಪ್ರತಿಫಲವೆಂದರೆ ನೆಲವನ್ನು ಕಿತ್ತುಕೊಂಡು ಹಣ ಎಸೆಯುವುದು ಎಂದೇನೂ ಅಲ್ಲ. ನೀರು ಕಾಯಲು ರೈತರು ಊರು ಬಿಡಬೇಕಿಲ್ಲ. ನೀಲಗಿರಿಯನ್ನು ಬೇರುಸಹಿತ ತೆಗೆದು ಹೊಂಗೆ, ನೇರಳೆ, ಹುಲ್ಲು ಬೆಳೆಸುವುದು, ಹಳ್ಳದ ಇಕ್ಕೆಲದಲ್ಲಿ ಒಂದಿಷ್ಟು ಅಗಲದ ಪಟ್ಟಿಯನ್ನು ಉಳದೆ ಬಿಡುವುದು, ಅಲ್ಲಿ ಹೊಸ ಕೊಳವೆಬಾವಿ ಕೊರೆಯದಿರುವುದು, ಮುಂದಿನ ಇಷ್ಟು ವರ್ಷ ನಿವೇಶನಕ್ಕೆ ಪರಿವರ್ತಿಸುವುದಿಲ್ಲವೆಂದು ಬರೆದುಕೊಡುವುದು ಸಾಕು. ಒಡೆತನ ಅವರದೇ, ಬಳಕೆಯ ಒಂದು ಹಕ್ಕನ್ನು ಮಾತ್ರ ನಗರ ಅವರಿಂದ ಬಾಡಿಗೆಗೆ ಪಡೆದಂತೆ. ಹೊಸ ನೀಲಗಿರಿ ನೆಡುವುದನ್ನು ಕರ್ನಾಟಕ 2017ರಲ್ಲೇ ನಿಷೇಧಿಸಿದೆ. ನೆಟ್ಟದ್ದನ್ನು ತೆಗೆಸಲು ನಿಷೇಧ ಸಾಲದು, ಬೆಳೆ ಬದಲಿಸುವ ವರ್ಷಗಳಲ್ಲಿ ಕೈಹಿಡಿಯುವ ಹಣ ಬೇಕು.

ಈ ಹಣಕ್ಕೆ ದಾರಿಯಿಲ್ಲವೆನ್ನುವವರಿಗೆ ಈಕ್ವೆಡಾರಿನ ಕೀಟೊ ನಗರವನ್ನು ತೋರಿಸಬಹುದು. ಅಲ್ಲಿ 2000ದಲ್ಲಿ ಒಂದು ಜಲನಿಧಿ ಸ್ಥಾಪನೆಯಾಯಿತು. ನಗರದ ನೀರು ಸರಬರಾಜು ಸಂಸ್ಥೆ ತನ್ನ ಆದಾಯದ ನೂರಕ್ಕೆ 2ರಷ್ಟನ್ನು ಅದಕ್ಕೆ ಸಲ್ಲಿಸುತ್ತದೆ. ಆ ನಿಧಿಯ ಗಳಿಕೆ ಬೆಟ್ಟದ ಹುಲ್ಲುಗಾವಲುಗಳನ್ನೂ ಅಲ್ಲಿನ ಸಮುದಾಯಗಳನ್ನೂ ನೋಡಿಕೊಳ್ಳುತ್ತದೆ. ಕೀಟೊ ಶ್ರೀಮಂತ ನಗರವೇನಲ್ಲ. ಬೆಂಗಳೂರಿನ ನೀರಿನ ಬಿಲ್ಲಿನಲ್ಲಿ, ಬಡವರ ಮೊದಲ ಕೆಲವು ಸಾವಿರ ಲೀಟರುಗಳನ್ನು ಬಿಟ್ಟು, ಈಜುಕೊಳದ ಗೋಪುರಗಳಿಂದ ಇಂಥದೊಂದು ಪಾಲನ್ನು ಎತ್ತುವುದು ಅಸಾಧ್ಯವೆಂದು ನಮಗೆ ತೋರುವುದಿಲ್ಲ. ಯಾವ ಹಳ್ಳ ಮೊದಲು ಎಂಬ ಪಟ್ಟಿಯನ್ನು ಮಾತ್ರ ಗ್ರಾಮಸಭೆಗಳ ಮುಂದೆ ಓದಿ, ಬಹಿರಂಗವಾಗಿ ಗೊತ್ತುಮಾಡಬೇಕು. ಅಂಕಗಳು ಗುಟ್ಟಾಗಿದ್ದರೆ ಪಟ್ಟಿಯಲ್ಲಿ ಪ್ರಭಾವಿಗಳ ಕಲ್ಲುಗುಡ್ಡಗಳೇ ಮೇಲೇರುತ್ತವೆ.

ಇದು ನಮಗೆ ಹೊರಗಿನಿಂದ ಬರಬೇಕಾದ ಬುದ್ಧಿಯೂ ಅಲ್ಲ. ಕರ್ನಾಟಕದ ಶಾಸನಗಳಲ್ಲಿ ‘ಕಟ್ಟುಕೊಡಗೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿದವರಿಗೆ, ಅದರ ಏರಿ–ತೂಬುಗಳನ್ನು ನೋಡಿಕೊಳ್ಳುವವರಿಗೆ ಕೊಟ್ಟ ಭೂಮಿ ಅದು. ನೀರುಗಂಟಿಗೂ ಊರು ಕಾಳಿನ ಪಾಲು ಅಳೆದು ಕೊಡುತ್ತಿತ್ತು. ನೀರು ಕಾಯುವುದು ದುಡಿಮೆ, ದುಡಿಮೆಗೆ ಕೂಲಿಯುಂಟು ಎಂಬ ಒಪ್ಪಂದದ ಮೇಲೆ ಅವು ನಿಂತಿದ್ದವು. ಆ ವ್ಯವಸ್ಥೆಯೊಳಗೆ ಜಾತಿಯ ಕ್ರೌರ್ಯವೂ ಇತ್ತು. ಹೂಳೆತ್ತಿದ ಕೈಗಳಿಗೆ ಎಷ್ಟೋ ಊರುಗಳಲ್ಲಿ ನೀರು ಮುಟ್ಟುವ ಹಕ್ಕಿರಲಿಲ್ಲ. ಅದನ್ನು ಮರೆಮಾಚಿ ಹಿಂದಿನದನ್ನು ವೈಭವೀಕರಿಸುವುದು ನಮ್ಮ ಕೆಲಸವಲ್ಲ. ಆ ತತ್ತ್ವದಿಂದ ಕೂಲಿಯನ್ನು ಇಟ್ಟುಕೊಂಡು ಜಾತಿಯನ್ನು ಕಳೆದರೆ ಇಂದಿಗೆ ಬೇಕಾದ ಕಟ್ಟುಕೊಡಗೆ ಸಿಗುತ್ತದೆ.

ಕೊನೆಗೆ ಮತ್ತೆ ಆಸ್ತಿ ಮೇಳಕ್ಕೇ ಮರಳಬೇಕು, ಏಕೆಂದರೆ ಈ ಲೆಕ್ಕದಲ್ಲಿ ನಾವು ಹೊರಗಿನವರಲ್ಲ. ವಿದೇಶಿ ವಿನಿಮಯದ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ಕೃಷಿಭೂಮಿ ಕೊಳ್ಳುವಂತಿಲ್ಲ. ಪರಿವರ್ತನೆಯಾದ ನಿವೇಶನ ಕೊಳ್ಳಬಹುದು. ಅಂದರೆ ಇಲ್ಲಿಂದ ಹೋಗುವ ದಿರ್ಹಮಿಗೆ ಅಲ್ಲಿ ಹೊಲ ಬೇಡ, ಹೊಲ ನಿವೇಶನವಾಗಬೇಕು. 2020ರ ಭೂಸುಧಾರಣಾ ತಿದ್ದುಪಡಿ ಕೃಷಿಕರಲ್ಲದವರಿಗೂ ಹೊಲದ ಬಾಗಿಲು ತೆರೆದ ಮೇಲೆ ಹೊಲದಿಂದ ನಿವೇಶನದ ದಾರಿ ಇನ್ನಷ್ಟು ಹತ್ತಿರವಾಗಿದೆ. ನಮ್ಮ ಒಂದೊಂದು ಮುಂಗಡವೂ ಹಳ್ಳದಂಚಿನ ಎಕರೆಯ ದರವನ್ನು ಒಂದಿಷ್ಟು ಏರಿಸುತ್ತದೆ. ಏರಿದ ದರ, ಅದನ್ನು ಕಾಯುವ ಸಾಧ್ಯತೆಯನ್ನು ಒಂದಿಷ್ಟು ಇಳಿಸುತ್ತದೆ. ಅರ್ಕಾವತಿ ಬತ್ತಿತೆಂದು ಕವಿಗೋಷ್ಠಿಯಲ್ಲಿ ಮರುಗುವ ನಾವೇ ಅವಳ ದಡದ ದರ ಏರಿಸಿದವರ ಸಾಲಿನಲ್ಲಿ ನಿಂತಿರಬಹುದು.

ಬಾಳೆಲ್ಲ ಬಾಡಿಗೆ ಮನೆಯಲ್ಲಿ, ವೀಸಾದ ಅವಧಿಯ ಅಂಜಿಕೆಯಲ್ಲಿ ಕಳೆದವರಿಗೆ ತಾಯ್ನೆಲದಲ್ಲೊಂದು ಸೂರು ಬೇಕೆನಿಸುವುದು ತಪ್ಪಲ್ಲ. ಆ ಆಸೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಿವೇಶನದ ಮಾತು ಮುಗಿಯುವ ಮೊದಲು ಸರ್ವೆ ನಂಬರ್ ಕೇಳಿ ಪಡೆಯೋಣ ಎಂದಷ್ಟೇ ನಮ್ಮ ಕೋರಿಕೆ. ಕರ್ನಾಟಕದ ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್‌ನಲ್ಲಿ ಗ್ರಾಮದ ನಕಾಶೆಯನ್ನು ತೆರೆದು, ಆ ಸರ್ವೆ ನಂಬರಿನ ಪಕ್ಕದಲ್ಲಿ ಹಳ್ಳವಿದೆಯೇ, ರಾಜಕಾಲುವೆಯಿದೆಯೇ, ಕೆರೆಯಂಗಳವಿದೆಯೇ ಎಂದು ದುಬೈಯಲ್ಲಿ ಕುಳಿತೇ ನೋಡಬಹುದು. ಇದ್ದರೆ ಅದನ್ನು ಬಿಡೋಣ, ಬಿಟ್ಟದ್ದಕ್ಕೆ ಕಾರಣವನ್ನು ಮಾರುವವರಿಗೆ ಹೇಳಿಯೇ ಬಿಡೋಣ. ಊರಿನಲ್ಲಿ ಅಪ್ಪ, ಅಜ್ಜಂದಿರ ಹೊಲ ಹಳ್ಳದ ಪಕ್ಕದಲ್ಲಿದ್ದು ನಮ್ಮ ಹೆಸರಿಗೆ ಬಂದಿದ್ದರೆ ಆ ಅಂಚನ್ನು ಉಳಿಸಿಕೊಡುವುದರಲ್ಲಿ ನಾವೇ ಮೊದಲಿಗರಾಗೋಣ; ಮಾಸಿಕ ಸಂಬಳದ ಆಧಾರವಿರುವ ನಮಗೆ ಅದರ ಹೊರೆ ಕಡಿಮೆ. ಇಲ್ಲಿಗೆ ಬರುವ ಸಚಿವರಿಗೆ ಹಾರ ಹಾಕುವ ಸಂಘಗಳು, ಜಲನಿಧಿಯ ಬಗ್ಗೆ ಒಂದು ಮನವಿಯನ್ನೂ ಆ ಹಾರದ ಜೊತೆಗೆ ಕೈಗಿಡಲಿ.

ಸಮುದ್ರವನ್ನು ಸಿಹಿ ಮಾಡಿ ಕುಡಿಯುವ ಈ ನಾಡಿನಲ್ಲಿ ನಮ್ಮ ಮಕ್ಕಳು ನಲ್ಲಿ ತಿರುಗಿಸಿದೊಡನೆ ನೀರು ಬರುತ್ತದೆ. ಆ ನೀರಿನ ಬೆಲೆ ಪ್ರತಿ ತಿಂಗಳೂ ಬಿಲ್ಲಿನಲ್ಲಿ ಕಾಣುತ್ತದೆ. ನಂದಿಬೆಟ್ಟದಿಂದ ಇಳಿದು ಬರುತ್ತಿದ್ದ ನೀರಿಗೆ ಬಿಲ್ಲು ಬಂದಿರಲಿಲ್ಲ, ಅದನ್ನು ಕಾಯುತ್ತಿದ್ದ ಹುಲ್ಲಂಚಿಗೆ ಯಾರೂ ಕೂಲಿ ಕೊಟ್ಟಿರಲಿಲ್ಲ. ಆ ಬಾಕಿಯನ್ನು ತೀರಿಸುವ ಕೆಲಸ ಈಗಲೂ ಉಳಿದಿದೆ. ಹೊಸ ರಸ್ತೆಯ ಗುರುತು ಮೂಡುವ ಮೊದಲು, ಮುಂದಿನ ಚಳಿಗಾಲದ ಮೇಳದ ಕರಪತ್ರ ಅಚ್ಚಾಗುವ ಮೊದಲು ಅದು ಆರಂಭವಾಗಲಿ.